ಮಾಳಿಗಿ ಮ್ಯಾಲಿನ ಮರಿ

ಸಪ್ನಾ ಸುರೇಬಾನದ ತವರುಮನೆಯಿಂದ ಗಂಡನ ಮನೆಗೆ ಬರುವಾಗ ಬುತ್ತಿಯ ಬುಟ್ಟಿಯಲ್ಲಿ ಹೋಳಿಗೆ ಇರಲಿಲ್ಲ, ನಾಯಿಮರಿ ಇತ್ತು. ಮುರಗೋಡದ ಬಸ್‌ಸ್ಟ್ಯಾಂಡಿನಿಂದ ಗಂಡ ಮಾಂತೇಶನ ಬೈಕಿನ ಹಿಂದೆ ಕೂತು, ಬುಟ್ಟಿಯನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡು ಬಂದಳು. ಮನೆಯ ಮುಂದೆ ಬೈಕು ನಿಂತಾಗ ಮರಿ ತಲೆ ಹೊರಗೆ ಹಾಕಿ ಕುರಿದೊಡ್ಡಿಯ ವಾಸನೆಗೆ ಮೂಗು ಅರಳಿಸಿತು.

ಬಾಗಿಲಲ್ಲಿ ಮಾಂತೇಶನ ಆಯಿ, ಅಂದರೆ ಅಪ್ಪನ ತಾಯಿ, ಬೀರವ್ವ ಕಾಯುತ್ತಿದ್ದಳು. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಭಂಡಾರದ ಬಟ್ಟಲು. ಕುರಿಗಾರರ ಆ ಮನೆಗೆ ಹೊಸ ನಾಯಿಮರಿ ಬಂದರೆ ಮೊದಲು ಅದನ್ನು ಕಂಬಳಿಯ ಮೇಲೆ ಇಳಿಸಬೇಕು, ಹಣೆಗೆ ಭಂಡಾರದ ಅರಿಷಿಣ ಹಚ್ಚಬೇಕು, ಆಮೇಲೆ ಹಳೆಯ ನಾಯಿಯ ಬಟ್ಟಲಿನಲ್ಲೇ ಹಾಲು ಹಾಕಿ ಎರಡಕ್ಕೂ ಕುಡಿಸಬೇಕು. ಒಂದೇ ಬಟ್ಟಲಿನಲ್ಲಿ ಕುಡಿದ ನಾಯಿಗಳು ಕುರಿಯ ಹಿಂದೆ ಹೋದಾಗ ಜಗಳಾಡುವುದಿಲ್ಲ ಎಂದು ಅವರ ನಂಬಿಕೆ.

ಬೀರವ್ವ ಅಂಗಳದಲ್ಲಿ ಕಂಬಳಿ ಹಾಸಿದಳು. "ಇಳಸವಾ ಇಲ್ಲೆ."

ಸಪ್ನಾ ಇಳಿಸಲಿಲ್ಲ.

"ಸಿಟ್ಟಾಗಬ್ಯಾಡ್ರಿ ಆಯಿ. ಬರೂ ಹಾದ್ಯಾಗ ದನದ ದವಾಖಾನಿಗೆ ಹೋಗಿ ಬಂದ್ವಿ. ಸೂಜಿ ಎಲ್ಲಾ ಮುಗಿಯೂ ತನಕ ಮರೀನ ನೆಲಕ್ಕ ಬಿಡಬ್ಯಾಡ್ರಿ, ಮನಿ ನಾಯಿ ಹಂತ್ಯಾಕ ಒಯ್ಯಬ್ಯಾಡ್ರಿ ಅಂತ ಡಾಕ್ಟರ್ ಬಾಯಾರು ಹೇಳ್ಯಾರ."

"ನೆಲಕ್ಕ ಬಿಡದ ಏನ್ ಗಾಳ್ಯಾಗ ಸಾಕತೀಯೇನ್?"

ಎದುರು ಮನೆಯ ಕಟ್ಟೆಯ ಮೇಲೆ ಕೂತು ಅಕ್ಕಡಿ ಕಾಳು ಹಸನು ಮಾಡುತ್ತಿದ್ದ ಚನ್ನವ್ವ ನಕ್ಕಳು. "ಬೀರವ್ವಾ, ಎಲ್ಲಾರ ಸೊಸಿ ತವರಿಂದ ಸೀರಿ ತರತಾರ. ನಿಮ್ಮಾಕಿ ಮಡಿ ನಾಯಿ ತಂದಾಳ ನೋಡವಾ!"

ಆಗಲೇ ದೊಡ್ಡಿಯ ಹಿಂದಿನಿಂದ ಹಳೆಯ ನಾಯಿ ಕಬರಿ ಎದ್ದು ಬಂತು. ಮೈಮೇಲೆ ಕಂದು, ಕಪ್ಪು ಪಟ್ಟೆ, ಮುಸುಡಿಯೆಲ್ಲ ಬೆಳ್ಳಗಾಗಿತ್ತು. ಅದು ಬುಟ್ಟಿಯ ಕಡೆ ಮೂಗು ಎತ್ತಿತು. ಸಪ್ನಾ ಗಾಬರಿಯಾಗಿ ಬುಟ್ಟಿಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಳು. ಅದನ್ನು ನೋಡಿ ಬೀರವ್ವನ ಮುಖ ಕಪ್ಪಿಟ್ಟಿತು. ಬುಟ್ಟಿ ಇದ್ದಲ್ಲಿಗೇ ಕೈ ಚಾಚಿ ಮರಿಯ ಹಣೆಗೆ ಭಂಡಾರ ಹಚ್ಚಿದಳು, ಕಂಬಳಿ ಮಡಚಿ ಹೆಗಲಿಗೆ ಹಾಕಿ ಒಳಗೆ ಹೋದಳು.

ಮನೆಗೆ ಮರಿ ಬೇಕೇ ಬೇಕಾಗಿತ್ತು. ಕಬರಿಗೆ ವಯಸ್ಸಾಗಿತ್ತು. ಹಿಂದಿನ ಸುಗ್ಗಿಯಲ್ಲಿ ತೋಳ ಬಂದು ಎರಡು ಕುರಿಮರಿ ಒಯ್ದಾಗ ಅದು ಬೆನ್ನಟ್ಟಿ ಅರ್ಧ ದಾರಿಯಲ್ಲೇ ಏದುಸಿರು ಬಿಡುತ್ತ ಕೂತುಬಿಟ್ಟಿತ್ತು. ಕುರಿ ಕಾಯುವುದನ್ನು ನಾಯಿಗೆ ಮನುಷ್ಯರು ಕಲಿಸಲಾರರು, ಹಳೆಯ ನಾಯಿಯೇ ಹೊಸದಕ್ಕೆ ಕಲಿಸಬೇಕು. ಹಾಗಂತ ಎರಡು ವರ್ಷದಲ್ಲಿ ಮೂರು ಮರಿ ತಂದಿದ್ದರು. ಮೂರೂ ಬಂದ ಸ್ವಲ್ಪ ದಿನಕ್ಕೇ ಹಾಲು ಬಿಟ್ಟು, ವಾಂತಿ ಮಾಡಿ, ರಕ್ತ ಭೇದಿಯಾಗಿ ಸತ್ತಿದ್ದವು. ಬೇರೆಯವರ ಮನೆಯಲ್ಲಿ ಬದುಕುವ ಮರಿ ಈ ಮನೆಯಲ್ಲಿ ಮಾತ್ರ ಯಾಕೆ ಸಾಯಬೇಕು? ಮಾಂತೇಶನ ಅಪ್ಪ ಅಮೋಘಸಿದ್ದಪ್ಪ ತನ್ನದೇ ಲೆಕ್ಕ ಹಾಕಿದ್ದ: ಕಬರಿಯ ಕಣ್ಣು ಕೆಟ್ಟದು. ತನ್ನ ಜಾಗಕ್ಕೆ ಇನ್ನೊಂದು ಬರುವುದು ಅದಕ್ಕೆ ಸೇರುವುದಿಲ್ಲ.

ಸಂಜೆ ಊಟಕ್ಕೆ ಕೂತಾಗ ಅದನ್ನೇ ಬಾಯಿ ಬಿಟ್ಟು ಹೇಳಿದ. ಅವನ ಹೆಂಡತಿ ಸಾವಂತ್ರೆವ್ವ ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದಳು. ತಾಟಿನಲ್ಲಿ ಝುಣಕ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ.

"ಇದೂ ಸತ್ರ ಕಬರಿ ಈ ಮನ್ಯಾಗ ಇರೂದಿಲ್ಲ," ಎಂದ. "ರಾಮದುರ್ಗದ ಹಾದಿ ಮ್ಯಾಲ ನಮ್ಮ ಭರಮಪ್ಪನ ಇಟ್ಟಂಗಿ ಭಟ್ಟಿ ಐತೆಲ್ಲ, ಅಲ್ಲೆ ಕಾವಲಿಗೆ ನಾಯಿ ಬೇಕಂತ. ಸರಪಳಿ ಹಾಕಿ ಒಯ್ಯತಾನ."

ಬೀರವ್ವನ ಕೈಯಲ್ಲಿನ ತುತ್ತು ನಿಂತಿತು. "ಹುಟ್ಟಿದಾಗಿಂದ ಕುರಿ ಬಿಟ್ಟು ಒಂದ ದಿನಾ ಇದ್ದಾಕಿ ಅಲ್ಲ ಅಕಿ. ಸರಪಳಿ ಹಾಕಿದ್ರ ಅನ್ನಾ ಮುಟ್ಟೂದಿಲ್ಲೋ ಅಮೋಗ್ಯಾ. ಕುಂತಲ್ಲೇ ಸಾಯತಾಳ."

"ನಾಯಿ ಉಳೀಬೇಕೋ, ಕುರಿ ಉಳೀಬೇಕೋ ಯವ್ವಾ?"

"ಎರಡೂ ಉಳೀಬೇಕು. ಅದಕ್ಕ ನಿನ್ನ ಹಡದೇನಿ."

ಸಾವಂತ್ರೆವ್ವ ಒಲೆಯ ಮುಂದಿನಿಂದಲೇ ನಕ್ಕು, ಗಂಡ ನೋಡಿದ ಕೂಡಲೇ ರೊಟ್ಟಿಯ ಕಡೆ ತಿರುಗಿದಳು.

"ಕಬರಿ ತಪ್ಪಲ್ರಿ ಮಾವಾರ," ಸಪ್ನಾ ಮೆತ್ತಗೆ ಹೇಳಿದಳು. "ಅದು ಒಂದು ಬ್ಯಾನಿ ಅಂತ. ಸತ್ತ ಮರಿ ಇದ್ದ ಜಾಗದಾಗ ತಿಂಗಳಗಟ್ಲೆ ಇರತೈತಂತ. ಸೂಜಿ ಹಾಕಿಸಿದ್ರ ತಡೀತೈತಂತ."

"ಅಂತ, ಅಂತ, ಅಂತ. ನನ್ನ ಮುತ್ಯಾ ಸೂಜಿ ಹಾಕಿಸಿದ್ನೇನ್ ನಾಯಿಗೆ?"

ಮಾಂತೇಶ ಮುರಗೋಡದ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುವವನು. ಮಾತು ಕಡಿಮೆ, ಉಪಾಯ ಹೆಚ್ಚು. "ಮಾಳಿಗಿ ಮ್ಯಾಲ ಇಡೂಣು," ಎಂದ. "ಅಲ್ಲೆ ಯಾವ ನಾಯಿನೂ ಏರಿಲ್ಲ. ನೆಲಾನೂ ಅಲ್ಲ, ಗಾಳ್ಯಾಗೂ ಅಲ್ಲ."

ಹೀಗೆ ಮರಿ ಮಾಳಿಗೆ ಏರಿತು. ಅದಕ್ಕೊಂದು ಟೊಮೆಟೊ ಟ್ರೇ, ಮೇಲೊಂದು ತಗಡು, ಸುತ್ತ ಹಳೆಯ ಬಾಗಿಲಿನ ತಡೆ. ಏಣಿ ಏರುವವರು ಚಪ್ಪಲಿ ಕೆಳಗೆ ಬಿಟ್ಟು, ಕೈಕಾಲು ತೊಳೆದು ಏರಬೇಕೆಂದು ಸಪ್ನಾ ಕಟ್ಟಳೆ ಮಾಡಿದಳು.

"ಗುಡಿಗೆ ಹೋದಂಗ ಆತಲ್ಲವಾ," ಎಂದು ಸಾವಂತ್ರೆವ್ವ ಗೊಣಗಿದಳು. ಆದರೂ ಕಾಲು ತೊಳೆದಳು.

ಮರಿಯ ಬಣ್ಣ ನೋಡಿ ಸಪ್ನಾಳ ತಮ್ಮ ಅದಕ್ಕೆ ಪೇಢಾ ಎಂದು ಹೆಸರಿಟ್ಟು ಕಳಿಸಿದ್ದ. ಬೀರವ್ವನಿಗೆ ಅದೂ ಸೇರಲಿಲ್ಲ. "ತೋಳ ಬಂದಾಗ ಪೇಢಾ, ಪೇಢಾ ಅಂತ ಒದರಿದ್ರ ಇನ್ನೊಂದು ನಾಕ ತೋಳ ಬರತಾವ, ತಿನ್ನಾಕ."

ಲಸಿಕೆ ಮುರಗೋಡದಲ್ಲಿ ಸಿಗಲಿಲ್ಲ, ಬೈಲಹೊಂಗಲದ ಔಷಧ ಅಂಗಡಿಯಿಂದ ತರಬೇಕಾಯಿತು. ದಾರಿಯಲ್ಲಿ ಬಿಸಿಯಾದರೆ ಕೆಡುತ್ತದೆ ಎಂದು ಡಾಕ್ಟರ್ ಹೇಳಿದ್ದರಿಂದ ಮಾಂತೇಶ ಮನೆಯ ಚಹಾ ಫ್ಲಾಸ್ಕಿನಲ್ಲಿ ಬರ್ಫದ ಚೂರು ತುಂಬಿ ಅದರೊಳಗೆ ಸೀಸೆ ಇಟ್ಟು ತಂದ.

"ನನ್ನ ಫ್ಲಾಸ್ಕ್!" ಸಾವಂತ್ರೆವ್ವ ಹೌಹಾರಿದಳು. "ಬೀಗರಿಗೆ ಚಾ ಕೊಡೂದರಾಗ ನಾಯಿ ಔಷಧ ಇಟ್ಟೀರಿ?"

"ಬಾಯಿ ಮುಚ್ಚೇತಿ ಬೇ ಅದು. ಸೀಸೆ ಒಡದಿಲ್ಲ."

"ನಿನ್ನ ಬಾಯಿ ಮೊದಲ ಮುಚ್ಚು."

ಸೂಜಿ ಹಾಕಿಸಲು ಮನೆಯಿಂದ ಎರಡು ಮೆರವಣಿಗೆ ಹೊರಟವು. ಬೈಕಿನ ಮೇಲೆ ಸಪ್ನಾಳ ಮಡಿಲಲ್ಲಿ ಪೇಢಾ; ಹಿಂದೆ ಬಹಳ ದೂರ ಬಿಟ್ಟು ಬಾಡಿಗೆಯ ಮಾಲಿನ ಆಟೋದಲ್ಲಿ ಬೀರವ್ವ ಮತ್ತು ಕಬರಿ. ಮನೆಯ ಹಳೆಯ ನಾಯಿಗೂ ಲಸಿಕೆ ಬೇಕು ಎಂದು ಡಾಕ್ಟರ್ ಹೇಳಿದ್ದರು. ತೋಳಕ್ಕೆ ಎದೆ ಕೊಟ್ಟ ಕಬರಿ ಆಟೋ ಅಲುಗಾಡಿದ ಕೂಡಲೇ ಬೀರವ್ವನ ಸೆರಗಿನೊಳಗೆ ತಲೆ ತುರುಕಿತು.

ಡಾಕ್ಟರ್ ಪ್ರಜ್ಞಾ ಇನ್ನೂ ಚಿಕ್ಕ ವಯಸ್ಸಿನವರು. ರೆಕ್ಕೆಯಂತೆ ನಡುಗುವ ಮರಿಯ ಭುಜದ ಚರ್ಮ ಹಿಡಿದೆತ್ತಿ ಚುಚ್ಚಿ ಮುಗಿಸಿದ್ದು ಬೀರವ್ವನಿಗೆ ತಿಳಿಯಲೇ ಇಲ್ಲ.

"ಆತೇನ್ರಿ ಬಾಯಾರ? ಇಷ್ಟ ನೀರಿನ್ಯಾಗ ಏನೈತ್ರಿ?"

"ಅದೇ ಬ್ಯಾನಿ ಐತ್ರಿ ಅಜ್ಜಿ. ಅದನ್ನ ಸೊರಗಿಸಿ, ಶಕ್ತಿ ತಗದು ಹಾಕಿರತಾರ. ಮೈ ಅದನ್ನ ನೋಡಿ ಗುರ್ತಾ ಇಟ್ಕೋತೈತಿ. ನಾಳೆ ಖರೇ ಬ್ಯಾನಿ ಬಂದ್ರ ಬಾಗಲದಾಗ ತಡೀತೈತಿ."

ಬೀರವ್ವ ಬಗ್ಗಿ ಮರಿಯ ಭುಜ ನೋಡಿದಳು. "ಹಂಗಾರ ಕಾವಲ ನಾಯಿಗೆ ಒಳಗೊಂದು ಕಾವಲ ನಾಯಿ ಬಿಟ್ರಿ ನೀವು."

ಪ್ರಜ್ಞಾ ಕೈಯಲ್ಲಿನ ಸಿರಿಂಜು ಮರೆತು ನಕ್ಕರು. "ಇಷ್ಟ ಚಂದ ನನಗೂ ಹೇಳಾಕ ಬರೂದಿಲ್ರಿ. ಆದ್ರ ಒಂದ ಸಲಾ ಸಾಲೂದಿಲ್ಲ. ತಾಯಿ ಹಾಲಿನ ಬಲಾ ಇನ್ನೂ ಮರಿ ಮೈಯಾಗ ಇರತೈತಿ, ಅದು ಸೂಜಿ ಮದ್ದನ್ನೂ ಹೊರಗ ತಳ್ಳತೈತಿ. ಅದಕ್ಕ ಇನ್ನೂ ಎರಡ ಸಲಾ ಬರಬೇಕು. ಅಲ್ಲೀತನಕ ಮಾಳಿಗಿನ ಗತಿ."

ತಾಯಿಯಿಂದ ಅಗಲಿ ಬಂದ ಮರಿಯನ್ನು ಆ ಹಾಲು ಇನ್ನೂ ಕಾಯುತ್ತಿದೆ ಎಂಬ ಮಾತು ಬೀರವ್ವನ ತಲೆಯಲ್ಲೇ ಉಳಿಯಿತು. ಆಟೋದಲ್ಲಿ ಹಿಂದಿರುಗುವಾಗ ಕಬರಿಯ ಬೆನ್ನು ಸವರುತ್ತ, "ಕೇಳಿದೇನ?" ಎಂದು ಎರಡು ಸಲ ಕೇಳಿದಳು.

ಆದರೆ ಕಬರಿ ಒಂದು ಹೊಸ ಚಾಳಿ ಹಿಡಿಯಿತು. ಕುರಿ ಮೇಯಿಸಿ ಬಂದ ಮೇಲೆ ದೊಡ್ಡಿಯ ಬಾಗಿಲಲ್ಲಿ ಮಲಗುವುದು ಬಿಟ್ಟು ಏಣಿಯ ಬುಡದಲ್ಲಿ ಕೂತು ಮೇಲೆ ನೋಡತೊಡಗಿತು. ಮೇಲಿನಿಂದ ಪೇಢಾ ತಡೆಯ ಸಂದಿಯಲ್ಲಿ ಮೂಗು ತೂರಿಸಿ ಕುಂಯ್ ಎಂದರೆ ಕಬರಿಯ ಕಿವಿ ನಿಮಿರುತ್ತಿತ್ತು. ಬಾಲ ಮಾತ್ರ ಅಲ್ಲಾಡುತ್ತಿರಲಿಲ್ಲ.

"ನೋಡ ಯವ್ವಾ, ಕಣ್ಣ ಪಿಳಕಿಸೂದಿಲ್ಲ," ಅಮೋಘಸಿದ್ದಪ್ಪ ತೋರಿಸಿದ. "ದೃಷ್ಟಿ ಹಾಕಾಕತ್ತೇತಿ."

"ನೀನೂ ಹಂಗ ನೋಡತಿದ್ದಿ, ನಿನ್ನ ತಂಗಿ ತೊಟ್ಟಿಲದಾಗಿದ್ದಾಗ. ನಿನ್ನ ಎಲ್ಲೆ ಕಳಸಬೇಕಿತ್ತು?"

ಆ ವಾರ ಥಂಡಿ ಬಿದ್ದಿತು. ಬಿಳಿಜೋಳದ ಹೊಲದ ಮೇಲೆ ಬೆಳಗಿನ ಇಬ್ಬನಿ ಬಹಳ ಹೊತ್ತು ನಿಲ್ಲುತ್ತಿತ್ತು. ಮೊಣಕಾಲು ನೋವಿನ ಬೀರವ್ವನಿಗೆ ಏಣಿ ಏರಲು ಆಗುತ್ತಿರಲಿಲ್ಲ. ಅಂಗಳದಲ್ಲಿ ನಿಂತು ಮೇಲಿನ ಕುಂಯ್‌ಗುಟ್ಟುವಿಕೆ ಕೇಳುವುದಷ್ಟೇ. ಒಂದು ಮುಂಜಾನೆ ತಡೆಯಲಾಗಲಿಲ್ಲ. ಮಾಂತೇಶ ಕೆಲಸಕ್ಕೆ ಹೊರಟಾಗ ಹೆಗಲ ಮೇಲಿನ ಕಂಬಳಿ ತೆಗೆದು ಕೊಟ್ಟಳು.

"ಟ್ರೇದಾಗ ಹಾಸಿ ಬಾ. ನಿನ್ನ ಹೇಣ್ತಿಗೆ ಹೇಳಬ್ಯಾಡ, ಇದಕ್ಕೂ ಬ್ಯಾಡ ಅಂತಾಳ."

ಅದು ಬೀರವ್ವನ ಗಂಡನ ಕಂಬಳಿ. ತಮ್ಮದೇ ಕುರಿಯ ಉಣ್ಣೆ, ಊರ ಮಗ್ಗದಲ್ಲಿ ನೇಯ್ದದ್ದು. ಅದರ ಮೇಲೆ ಕೂತು ಅವರ ಮದುವೆಯಾಗಿತ್ತು, ಅದರ ಮೇಲೆ ಮಲಗಿಸಿ ಅಮೋಘಸಿದ್ದಪ್ಪನಿಗೆ ಹೆಸರಿಟ್ಟಿದ್ದರು. ಕಂಬಳಿಗೆ ಮೈಲಿಗೆ ತಟ್ಟುವುದಿಲ್ಲ ಎಂದು ಆ ಮನೆಯಲ್ಲಿ ಅದನ್ನು ಯಾರೂ ಎಂದೂ ನೀರಿಗೆ ಹಾಕಿರಲಿಲ್ಲ. ಬಿಸಿಲಿಗೆ ಝಾಡಿಸಿದರೆ ಮುಗಿಯಿತು.

ಹಾಲು ಹಾಕಲು ಏರಿದ ಸಪ್ನಾ ಕಂಬಳಿಯೊಳಗೆ ಮುದುರಿ ಮಲಗಿದ ಮರಿಯನ್ನು ಕಂಡಳು. ಬೇಡ ಎನ್ನಬೇಕೆನಿಸಿತು. ಆದರೆ ಮರಿ ಬಂದ ದಿನದಿಂದ ಆಯಿ ತನ್ನ ಜೊತೆ ನಗುತ್ತಾ ಮಾತಾಡಿರಲಿಲ್ಲ. ನೆಲ ಅಲ್ಲ, ನಾಯಿಯೂ ಅಲ್ಲ. ಕಂಬಳಿಯಿಂದ ಏನಾದೀತು ಎಂದು ಸುಮ್ಮನಾದಳು. ಕೆಳಗಿಳಿದು, "ಬೆಚ್ಚಗ ಮಕ್ಕೊಂಡೈತ್ರಿ ಆಯಿ," ಎಂದಳು. ಬೀರವ್ವ ಬಹಳ ದಿನಕ್ಕೆ ನಕ್ಕಳು.

ಆ ವಾರ ಕಳೆಯುವಷ್ಟರಲ್ಲಿ ಪೇಢಾ ಹಾಲು ಬಿಟ್ಟಿತು. ಮೊದಲು ನೊರೆ ವಾಂತಿ, ಆಮೇಲೆ ಭೇದಿ. ಏಣಿಯ ಬುಡಕ್ಕೇ ಆ ವಾಸನೆ ಬಂತು. ಮೂರು ಸಲ ಮೂಗಿಗೆ ಬಡಿದಿದ್ದ ವಾಸನೆ. ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಏಣಿಯ ಬುಡದಲ್ಲಿ ಕಬರಿ ಎದ್ದು ನಿಂತು, ಎಂದೂ ಕೇಳದ ದನಿಯಲ್ಲಿ ಉದ್ದಕ್ಕೆ ಊಳಿಟ್ಟಿತು.

ಅಮೋಘಸಿದ್ದಪ್ಪ ಮೊಬೈಲ್ ತೆಗೆದ. "ಭರಮಪ್ಪಾ? ನಾಳೆ ಬಾರಪಾ. ಸರಪಳಿ ತಗೊಂಡ ಬಾ."

ಮರುದಿನ ಮುಂಜಾನೆ ಬೀರವ್ವ ಯಾರ ಮಾತಿಗೂ ಕಾಯಲಿಲ್ಲ. ಮಾಂತೇಶನ ಕೈಯಿಂದ ಮರಿಯನ್ನು ಕಂಬಳಿಸಮೇತ ಕೆಳಗಿಳಿಸಿಕೊಂಡು ಎದೆಗೆ ಅವುಚಿ ಆಟೋ ಹತ್ತಿದಳು. ಸಪ್ನಾ ಹಿಂದೆಯೇ ಓಡಿ ಹತ್ತಿದಳು.

ಪ್ರಜ್ಞಾ ಮರಿಯ ಕಾಲಿನ ಸಣ್ಣ ನರ ಹುಡುಕಿ ಸಲಾಯಿನ್ ಹಚ್ಚಿದರು. "ಏನ್ ಮುಟ್ಟಿತ್ತು? ಕೆಳಗ ಬಿಟ್ಟಿದ್ರೇನ್?"

"ಇಲ್ರಿ," ಎಂದಳು ಸಪ್ನಾ.

"ಕಬರಿ ಹತ್ರ?"

"ಒಂದ ಸಲಾನೂ ಇಲ್ರಿ."

ಡಾಕ್ಟರ ಕಣ್ಣು ಮೇಜಿನ ಮೇಲಿನ ಕಂಬಳಿಗೆ ಬಿತ್ತು. ಅದರ ಒಂದು ಅಂಚು ಹಳೆಯ ಕಲೆಯಿಂದ ಬಿರುಸಾಗಿತ್ತು. "ಇದು ಯಾವುದ್ರಿ ಅಜ್ಜಿ?"

"ನಮ್ಮ ಹಿರಿಯಾಂದ್ರಿ. ಥಂಡಿ ಅಂತ ಕೊಟ್ಟಿದ್ದೆ."

"ಮದಲಿನ ಮರಿಗೋಳು?"

"ಅವೂ ಇದರಾಗ ಮಲಗಿದ್ದೂವು. ಮೂರೂ…" ಬೀರವ್ವನ ಮಾತು ಅಲ್ಲಿಗೇ ನಿಂತಿತು.

ಆಮೇಲೆ ಪ್ರಜ್ಞಾ ಬೀರವ್ವನ ಪಕ್ಕ ಬೆಂಚಿನ ಮೇಲೆ ಕೂತು ಹೇಳಿದರು. ಸತ್ತ ಮರಿಯ ಬೇನೆ ಉಣ್ಣೆಯೊಳಗೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಮುಂದಿನ ಮರಿ ಬಂದು ಮಲಗಿದಾಗ ಅದಕ್ಕೆ ಹತ್ತುತ್ತದೆ. ಅದು ಸತ್ತು ಮತ್ತೆ ತುಂಬಿಟ್ಟು ಹೋಗುತ್ತದೆ.

"ಮತ್ತ ಕಬರಿಗೆ ಯಾಕ ಬರಲಿಲ್ರಿ?" ಸಪ್ನಾ ಕೇಳಿದಳು.

"ಸಣ್ಣದಿದ್ದಾಗ ಬಂದು ಗೆದ್ದಿರಬೇಕು. ನೆನಪೈತೇನ್ರಿ ಅಜ್ಜಿ?"

ಬೀರವ್ವ ತಲೆಯಾಡಿಸಿದಳು. "ಗೇಣಷ್ಟಿದ್ಲು. ಹಿಂಗ ಬಿದ್ದಿದ್ಲು. ಮಜ್ಜಿಗಿ ತಿಳಿ ಹಾಕಿ ಹಾಕಿ ಎಬ್ಬಿಸಿದ್ದೆ." ಕಂಬಳಿಯ ಕಡೆ ನೋಡಿದಳು. ಕೈ ಮುಂದೆ ಹೋಗಿ, ಮುಟ್ಟದೆ ಹಿಂದೆ ಬಂತು. "ಕಣ್ಣಿಗೆ ಕಾಣದ್ದು ಇಷ್ಟು ದಿನಾ ನನ್ನ ಹೆಗಲ ಮ್ಯಾಲ ಕುಂತಿತ್ತೇನವಾ?"

"ಮನಸ್ಯಾರಿಗೆ ಬರೂದಿಲ್ರಿ. ಹೆದರಬ್ಯಾಡ್ರಿ. ಈ ಮರಿಗೆ ಒಂದ ಸೂಜಿ ಆಗೇತಿ, ತಾಯಿ ಹಾಲಿನ ಬಲಾ ಐತಿ. ಜಗ್ಗಾಡಾಕತ್ತೈತಿ. ಬಿಟ್ಟಿಲ್ಲ."

ಮನೆಗೆ ಬಂದಾಗ ಭರಮಪ್ಪ ಪಡಸಾಲೆಯಲ್ಲಿ ಕೂತು ಚಹಾ ಬಸಿಯಲ್ಲಿ ಊದುತ್ತಿದ್ದ. ಕಾಲ ಬಳಿ ಸರಪಳಿ. ಕಬರಿ ಏಣಿಯ ಬುಡ ಬಿಟ್ಟು ಕದಲಿರಲಿಲ್ಲ. ಸಪ್ನಾ ಮರಿಯನ್ನು ಎತ್ತಿಕೊಂಡು ನೇರ ಮಾಳಿಗೆ ಏರಿದಳು. ಬೀರವ್ವ ಕಂಬಳಿ ತುಂಬಿದ ಗೊಬ್ಬರದ ಚೀಲವನ್ನು ಅಂಗಳದ ಮೂಲೆಯಲ್ಲಿಟ್ಟು, ಬಚ್ಚಲಲ್ಲಿ ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದುಕೊಂಡು ಬಂದಳು.

"ಅಮೋಗ್ಯಾ, ಮರಿ ಕೊಂದಾಕಿ ಕಬರಿ ಅಲ್ಲ. ನಾನು."

"ಏನ್ ಅಂತಿ ಯವ್ವಾ?"

"ಮೂರೂ ಮರೀನ ನಿಮ್ಮಪ್ಪನ ಕಂಬಳ್ಯಾಗ ಸುತ್ತಿ ಮಲಗಿಸಿದಾಕಿ ನಾನು. ಬ್ಯಾನಿ ಅದರಾಗಿತ್ತು. ಸಪ್ನವ್ವ ನೆಲಕ್ಕ ಇಳಸಬ್ಯಾಡ್ರಿ ಅಂದ್ಲು, ನಾನು ಆ ಬ್ಯಾನೀನ ಮಾಳಿಗಿಗೆ ಹತ್ತಿಸಿದೆ. ಸರಪಳಿ ಹಾಕೂದಿದ್ರ ನನಗ ಹಾಕಿ ಕಳಸು ಭಟ್ಟಿಗೆ."

ಭರಮಪ್ಪ ಚಹಾ ಬಸಿ ಕೆಳಗಿಟ್ಟ. "ಅತ್ತಿ, ನಿಮ್ಮನ್ನ ಒಯ್ದ್ರ ಇಟ್ಟಂಗಿ ಕಳ್ಳರೂ ಹೆದರತಾರ. ಖರೇ, ನನ್ನ ಹೇಣ್ತಿನೂ ಹೆದರತಾಳ."

ಯಾರೂ ನಗಲಿಲ್ಲ. ಅಮೋಘಸಿದ್ದಪ್ಪ ಏಣಿಯ ಕಡೆ ನೋಡಿದ. ಕಬರಿ ಅವನನ್ನು ನೋಡಲಿಲ್ಲ, ಮೇಲೆ ನೋಡುತ್ತಿತ್ತು.

"ಚಾ ಮುಗಿಸಿ ಹೋಗಪಾ ಭರಮಪ್ಪಾ," ಎಂದ ಕೊನೆಗೆ. "ನಾಯಿ ಕೊಡಾಕ ಆಗೂದಿಲ್ಲ."

ಕಂಬಳಿ ಸುಡಬೇಕು ಎಂದು ಡಾಕ್ಟರ್ ಹೇಳಿದ್ದರು. ತಿಪ್ಪೆಯ ಆಚೆ, ಗಾಳಿ ಹೊರಗೆ ಹೋಗುವ ಕಡೆ ಮಾಂತೇಶ ಹತ್ತಿಕಟ್ಟಿಗೆ ಒಟ್ಟಿದ. ಚೀಲಸಮೇತ ಕಂಬಳಿಯನ್ನು ಬೀರವ್ವನೇ ಇಟ್ಟಳು. ಉಣ್ಣೆ ಬೇಗ ಉರಿಯುವುದಿಲ್ಲ. ಕಮಟು ಹೊಗೆ ಬಿಡುತ್ತ ಒಳಗೊಳಗೇ ಕೆಂಪಾಗುತ್ತ ಹೋಗುತ್ತದೆ. ಅಮೋಘಸಿದ್ದಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತ. ಸಾವಂತ್ರೆವ್ವ ಭಂಡಾರ ತಂದು ಬೆಂಕಿಗೆ ಎರಚಿದಳು. ಬೂದಿಯಾಗುವ ತನಕ ಯಾರೂ ಒಳಗೆ ಹೋಗಲಿಲ್ಲ.

ಆಮೇಲಿನ ದಿನಗಳಲ್ಲಿ ಮನೆಯ ಕೆಲಸವೆಲ್ಲ ಮಾಳಿಗೆಯ ಸುತ್ತ ತಿರುಗಿತು. ಮಾಂತೇಶ ಮರಿಗೆ ಸಲಾಯಿನ್ ಹಚ್ಚಿಸಲು ದವಾಖಾನೆಗೆ ಹೋಗಿ ಬಂದು ಮಾಡಿದ. ಬ್ಲೀಚಿಂಗ್ ನೀರಿನಿಂದ ಟ್ರೇ, ಏಣಿ, ಅಂಗಳ ತೊಳೆದರು. ಸಪ್ನಾ ಉಪ್ಪು ಸಕ್ಕರೆಯ ನೀರನ್ನು ಚಮಚದಿಂದ ಮರಿಯ ಕೆನ್ನೆಯ ಸಂದಿಗೆ ಹನಿಸುತ್ತಿದ್ದಳು. ಅವಳು ರೊಟ್ಟಿಗೆ ಇಳಿದರೆ ಸಾವಂತ್ರೆವ್ವ ಏರುತ್ತಿದ್ದಳು. ಎಂದೂ ನಾಯಿಯನ್ನು ಒಳಗೆ ಬಿಟ್ಟುಕೊಳ್ಳದವಳು ಕಾಯಿಸಿ ಆರಿಸಿದ ನೀರನ್ನು ತನ್ನ ಚಹಾ ಫ್ಲಾಸ್ಕಿನಲ್ಲೇ ಒಯ್ದಳು.

"ಬೀಗರು ಬಂದ್ರ ಏನ್ ಮಾಡತೀರಿ ಅತ್ತಿ?" ಸಪ್ನಾ ಕೆಣಕಿದಳು.

"ತಂಬಿಗ್ಯಾಗ ಚಾ ಕುಡೀತಾರ. ನೀ ಚಮಚಾ ನೆಟ್ಟಗ ಹಿಡಿ."

ಒಂದು ಮುಂಜಾನೆ ಸಪ್ನಾ ಏರಿದಾಗ ಪೇಢಾ ನಾಲ್ಕೂ ಕಾಲಿನ ಮೇಲೆ ನಿಂತಿತ್ತು. ಎಲುಬು, ಚರ್ಮ, ಎರಡು ಕಣ್ಣು, ಅಷ್ಟೇ. ಬಟ್ಟಲಿನ ತಿಳಿ ಗಂಜಿ ನೆಕ್ಕಿ ಮುಗಿಸಿ ಇನ್ನೂ ಬೇಕೆಂದು ಬಟ್ಟಲು ನೂಕಿತು. ಬೀರವ್ವ ಕೆಳಗಿನಿಂದಲೇ ಬಟ್ಟಲು ಉರುಳಿದ ಸಪ್ಪಳ ಕೇಳಿ, "ಎದ್ದೈತೇನವಾ?" ಎಂದಳು. ಅಂದು ಮೊಣಕಾಲು ನೋವನ್ನೂ ಮರೆತು, ಹಿಂದೆ ಮಗ, ಮುಂದೆ ಮೊಮ್ಮಗ ಹಿಡಿದುಕೊಂಡರೂ ಬಯ್ಯುತ್ತ ಏಣಿ ಏರಿದಳು. ಮರಿಯ ಎದೆಯ ಮೇಲೆ ಅಂಗೈ ಇಟ್ಟು ಒಳಗಿನ ಬಡಿತ ಕೇಳುತ್ತ ಬಹಳ ಹೊತ್ತು ಕೂತಳು.

ಎರಡನೆಯ ಸೂಜಿ, ಮೂರನೆಯ ಸೂಜಿ ಆದವು. ಹುಚ್ಚುನಾಯಿ ಬೇನೆಯ ಲಸಿಕೆಯೂ ಆಯಿತು. ಜೋಳ ಕೊಯ್ಲಿಗೆ ಬಂದಿತು. ಇನ್ನು ಇಳಿಸಬಹುದು ಎಂದು ಪ್ರಜ್ಞಾ ಹೇಳಿದ ಮರುದಿನ, ಕುರಿ ಹೊರಡುವ ಹೊತ್ತಿಗೆ ಮಾಂತೇಶ ಪೇಢಾನನ್ನು ಹೆಗಲ ಮೇಲೆ ಹೊತ್ತು ಕೆಳಗಿಳಿದ. ಎದುರು ಕಟ್ಟೆಯಿಂದ ಚನ್ನವ್ವನೂ ಎದ್ದು ಬಂದಳು. ಅಮೋಘಸಿದ್ದಪ್ಪನ ಕೈಯಲ್ಲಿ ಬಡಿಗೆ ಇತ್ತು. ಕಬರಿ ಮೈಮೇಲೆ ಬಿದ್ದರೆ ಇರಲಿ ಎಂದು.

ಕಬರಿ ಮೈಮೇಲೆ ಬೀಳಲಿಲ್ಲ. ನಿಧಾನ ಬಂದು ಮುಂಗಾಲಿನಿಂದ ಮರಿಯನ್ನು ಒಂದೇ ಸಲ ಕೆಡವಿತು. ಸಪ್ನಾ ಚೀರಿದಳು.

"ತಡಿ," ಎಂದಳು ಬೀರವ್ವ.

ಕಬರಿ ಮರಿಯನ್ನು ನೆಕ್ಕತೊಡಗಿತು. ಬಾಲದಿಂದ ಹೊಟ್ಟೆ, ಹೊಟ್ಟೆಯಿಂದ ಕುತ್ತಿಗೆ, ಕುತ್ತಿಗೆಯಿಂದ ಕಿವಿ. ಸಾಬೂನು, ಬ್ಲೀಚಿಂಗ್, ಮನುಷ್ಯರ ಕೈ, ಎಲ್ಲದರ ವಾಸನೆಯನ್ನೂ ಒರೆಸಿ ಹಾಕಿತು. ಆಮೇಲೆ ಮೂಗಿನಿಂದ ದೂಡಿ ದೊಡ್ಡಿಯೊಳಗಿನ ಹಿಕ್ಕೆಯ ಮೇಲೆ ಉರುಳಿಸಿತು. ಮರಿ ಎದ್ದಾಗ ಮತ್ತೆ ಉರುಳಿಸಿತು. ಮೈತುಂಬ ಕುರಿಯ ವಾಸನೆ ಹತ್ತಿದ ಮೇಲೆ ಅದನ್ನು ಹಿಂದಿನಿಂದ ತಳ್ಳುತ್ತ ಮಂದೆಯ ನಡುವಿಗೆ ಒಯ್ದಿತು.

ಹೊಸ ನಾಯಿ ಕಂಡರೆ ಚದುರುವ ಕುರಿಗಳು ಚದುರಲಿಲ್ಲ. ಕಂಡವರನ್ನೆಲ್ಲ ಗುದ್ದುವ ಕೊಂಬಿನ ಟಗರು ಮುಂದೆ ಬಂದು, ಮರಿಯ ನೆತ್ತಿ ಮೂಸಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಪೇಢಾ ಒಳಗೆ ಹೋಯಿತು. ಕುರಿಗಳು ಮೆಲ್ಲಗೆ ಕೂಡಿಕೊಂಡು ಅದನ್ನು ಮುಚ್ಚಿಕೊಂಡವು. ಕಬರಿ ಮಾತ್ರ ಹೊರಗೆ ಬಂದು, ಎಂದಿನಂತೆ ಮಂದೆಯ ಎಡಕ್ಕೆ ನಿಂತಿತು.

ಅಮೋಘಸಿದ್ದಪ್ಪನ ಕೈಯಲ್ಲಿನ ಬಡಿಗೆ ಕೆಳಗಿಳಿದಿತ್ತು. "ನಲವತ್ತು ವರ್ಷ ಕುರಿ ಕಾಯ್ದೇನಿ," ಎಂದ. "ಇದನ್ನ ನೋಡಿದ್ದಿಲ್ಲ."

"ಕಬರಿ ಕಲಸೂದನ್ನ ನೋಡೂ ತನಕ ಒಂದ ಮರಿನೂ ಉಳಿದಿದ್ದಿಲ್ಲ," ಎಂದಳು ಬೀರವ್ವ. ಅವಳ ಗಲ್ಲ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ.

ಮಂದೆ ಹಳ್ಳದ ಕಡೆ ಹೊರಟಿತು. ಧೂಳಿನಲ್ಲಿ ಒಮ್ಮೆ ಕಂದು ಬೆನ್ನು ಕಂಡಿತು, ಒಮ್ಮೆ ಕಿವಿ. ಸಪ್ನಾಳಿಗೆ ತಡೆಯಲಾಗಲಿಲ್ಲ. ಎರಡು ಹೆಜ್ಜೆ ಮುಂದೆ ಓಡಿ, "ಪೇಢಾ! ಏ ಪೇಢಾ!" ಎಂದು ಕೂಗಿದಳು.

ಅದು ಹಿಂದೆ ನೋಡಲಿಲ್ಲ.

ಬೀರವ್ವ ಅವಳ ಕೈ ಹಿಡಿದು ನಿಲ್ಲಿಸಿದಳು. "ಕರೀಬ್ಯಾಡವಾ. ಅದು ಈಗ ಕೆಲಸದ ಮ್ಯಾಲ ಐತಿ."